ಹೂಳಿದ್ದಕ್ಕೆ ಕಾವಲು ಯಾರು?

ಪತ್ರ: ಕಲ್ಲಿದ್ದಲಿನ ಪದರಕ್ಕೆ ಇಂಗಾಲದ ಡೈಆಕ್ಸೈಡ್ ತಳ್ಳಿದರೆ ಒಳಗಿನ ಮೀಥೇನ್ ಹೊರಬರುತ್ತದಂತೆ. ಗ್ಯಾಸೂ ಸಿಕ್ಕಿತು, ಹೊಗೆಯನ್ನೂ ಹೂಳಿದಂತಾಯಿತು. ನಮ್ಮವರು ಇದನ್ನು ಎಲ್ಲ ಕಡೆ ಯಾಕೆ ಮಾಡುತ್ತಿಲ್ಲ?
– ನಿವೃತ್ತ ವಿಜ್ಞಾನ ಶಿಕ್ಷಕರು, ಚಿಂತಾಮಣಿ

ಮೇಷ್ಟ್ರೇ, ನೀವು ಹೇಳಿದ ವಿಜ್ಞಾನ ಸರಿ. ಕಲ್ಲಿದ್ದಲು ಒಂದು ಪಾಲು ಮೀಥೇನ್ ಬಿಟ್ಟುಕೊಟ್ಟು ಸುಮಾರು ಎರಡು ಪಾಲು ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುತ್ತದೆ. ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ 2007ರಿಂದ ಕಲ್ಲಿದ್ದಲಿನ ಮೀಥೇನ್ ತೆಗೆದು ಮಾರುತ್ತಲೂ ಇದ್ದಾರೆ. ಅದು ಪದರದ ನೀರೆತ್ತಿ, ಒತ್ತಡ ಇಳಿಸಿ ತೆಗೆಯುವ ಮಾಮೂಲಿ ದಾರಿ.

ಆದರೆ ಕರಿಹಲಗೆಯ ಮೇಲೆ ಕಲ್ಲಿದ್ದಲು ಉಬ್ಬುವುದಿಲ್ಲ ನೋಡಿ, ನೆಲದಡಿ ಉಬ್ಬುತ್ತದೆ. ಇಂಗಾಲದ ಡೈಆಕ್ಸೈಡ್ ಕುಡಿದರೆ ನೆನೆಹಾಕಿದ ಅವರೆಕಾಳಿನ ಹಾಗೆ ಊದಿಕೊಂಡು ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅನಿಲ ಓಡಾಡುವುದೇ ಆ ಬಿರುಕುಗಳಲ್ಲಿ! ಅಮೆರಿಕದ ಸ್ಯಾನ್ ಹ್ವಾನ್ ಪ್ರದೇಶದ ಆಲಿಸನ್‌ನಲ್ಲಿ 1995ರಲ್ಲಿ ತಳ್ಳಲು ಶುರು ಮಾಡಿದರು. ಬಾವಿಗಳು ಬರಬರುತ್ತಾ ಕುಡಿಯುವುದನ್ನೇ ಕಡಿಮೆ ಮಾಡಿದವು. ಜಪಾನಿನ ಯೂಬಾರಿಯಲ್ಲಿ ನೈಟ್ರೋಜನ್ ತಳ್ಳಿ ದಾರಿ ಬಿಡಿಸಿದರು. ಬಿಟ್ಟಿತು, ಆಮೇಲೆ ಮತ್ತೆ ಕಟ್ಟಿತು. ಹಾಗಾದರೆ ಬರೀ ನೈಟ್ರೋಜನ್ನೇ ತಳ್ಳಿದರಾಯಿತು ಅಂತೀರಾ? ಸ್ಯಾನ್ ಹ್ವಾನ್‌ನಲ್ಲೇ ಟಿಫನಿ ಎಂಬ ಕಡೆ ಅದನ್ನೂ ಮಾಡಿದರು. ಮೀಥೇನ್ ಜೋರಾಗಿ ಬಂತು, ಹಿಂದೆಯೇ ನೈಟ್ರೋಜನ್ನೂ ವಾಪಸ್ ಬಂತು. ಬೇರ್ಪಡಿಸುವ ಖರ್ಚು ಬೇರೆ.

ಖರ್ಚಿನ ಮಾತನ್ನು ನೀವು ಎತ್ತಲೇ ಇಲ್ಲ. ಹೊಗೆಯಿಂದ ಅನಿಲ ಹಿಡಿಯಬೇಕು, ಒತ್ತಿ ಸಾಗಿಸಬೇಕು. ಮೀಥೇನ್ ಸುಮ್ನೆ ಸೋರಿದರೂ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಕಂಪನಿ ಗಂಟುಮೂಟೆ ಕಟ್ಟಿದ ಮೇಲೆ, ಹೂಳಿದ್ದು ಅಲ್ಲೇ ಇದೆಯಾ ಅಂತ ಯಾರು ನೋಡುತ್ತಾರೆ?

ಇದನ್ನು ಬೇರೆಯವರು ಕೇಳದಿದ್ದರೂ ನಮ್ಮ ಕಡೆಯವರು ಕೇಳಬೇಕು. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ಚಿನ್ನ ತೆಗೆದರು. 2001ರಲ್ಲಿ ಗಣಿಗೆ ಬೀಗ ಬಿತ್ತು. ಚಿನ್ನ ತೆಗೆದು ಬಿಸಾಕಿದ ಕಲ್ಲುಪುಡಿಯ ಸಯನೈಡ್ ದಿಬ್ಬಗಳು ಅಲ್ಲೇ ಉಳಿದವು. ಗಾಳಿ ಎದ್ದ ದಿನ ಆ ಪುಡಿ ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿ ಮುಚ್ಚದಿದ್ದರೆ ಊಟದ ತಟ್ಟೆಗೂ. ಸಿನಿಮಾದವರು ಬಂದು ಶೂಟಿಂಗ್ ಮುಗಿಸಿಕೊಂಡು ಹೋಗುತ್ತಾರೆ, ಅವರಿಗೇನು! ತೆಗೆದ ಚಿನ್ನದ ಲೆಕ್ಕ ತೂಕದ ಸಮೇತ ಸಿಗುತ್ತದೆ. ಬಿಟ್ಟುಹೋದದ್ದರ ಬಗ್ಗೆ ಕೇಳಿ, ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಅಲೆಸುತ್ತಾರೆ. ನಾವೇನು ಕಡಿಮೆಯಾ? ಸಾವಿರ ಅಡಿ ದಾಟಿ ಬೋರ್ ಕೊರೆಸುತ್ತೇವೆ, ಒಂದು ಇಂಗುಗುಂಡಿ ತೋಡಿ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತೇವೆ.

ಜಾರ್ಖಂಡ್‌ನ ಬೊಕಾರೊ ಕಡೆ ಒಂದೆರಡು ಬಾವಿಗಳಲ್ಲಿ ಪ್ರಯೋಗ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಕಾವಲಿನ ದುಡ್ಡನ್ನು ಮೊದಲೇ ಠೇವಣಿ ಇಡಿಸಿಕೊಂಡು ಆಮೇಲೆ ಪಂಪ್ ಚಾಲೂ ಮಾಡಲಿ.