ಒಂದು ಕಿಲೋಮೀಟರ್ ಆಚೆಯ ಓರ್ಕಾ

ಓದುಗರೊಬ್ಬರ ಪತ್ರ: ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳ ಬಳಿ ಓರ್ಕಾ ತಿಮಿಂಗಿಲ ನೋಡಲೆಂದು ದೋಣಿ ಹತ್ತಿದೆವು. ಕ್ಯಾಪ್ಟನ್ ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ನಿಲ್ಲಿಸಿಬಿಟ್ಟರು. ಕಂಡದ್ದು ನಾಲ್ಕು ಕಪ್ಪು ಚುಕ್ಕೆ. ಮಗಳು ಅತ್ತೇಬಿಟ್ಟಳು. ಇಷ್ಟಕ್ಕೆ ಅಷ್ಟು ದುಡ್ಡು ತೆರಬೇಕೇ?

ಸಂಪಾದಕರ ಉತ್ತರ: ಮಗು ಅತ್ತಿತೆಂದು ಓದಿ ನನಗೂ ಸಂಕಟವಾಯಿತು. ದೂರದ ಮಾತನ್ನು ಟಿಕೆಟ್ ಕೊಡುವಾಗಲೇ ಹೇಳಬೇಕಿತ್ತು, ಒಪ್ಪಿದೆ. ಆದರೆ ಆ ಕ್ಯಾಪ್ಟನ್ ಮೇಲೆ ದಯವಿಟ್ಟು ಮುನಿಯಬೇಡಿ. ನಿಮ್ಮ ವಿವರ ನೋಡಿದರೆ ಅವು ‘ಸದರ್ನ್ ರೆಸಿಡೆಂಟ್’ ಎಂಬ ಬಳಗದ ಓರ್ಕಾಗಳೇ ಇರಬೇಕು. ಇಡೀ ಲೋಕದಲ್ಲಿ ಆ ಬಳಗದವು ಉಳಿದಿರುವುದು ಎಪ್ಪತ್ತೈದರ ಆಸುಪಾಸು. ಅವುಗಳಿಂದ 1,000 ಗಜ ದೂರವಿರಬೇಕೆಂಬ ಕಾನೂನು 2025ರ ಜನವರಿಯಿಂದ ಅಲ್ಲಿ ಜಾರಿಯಲ್ಲಿದೆ.

ಓರ್ಕಾ ಬೇಟೆಯಾಡುವುದು ಕಿವಿಯ ಬಲದಿಂದ. ಟಿಕ್ ಟಿಕ್ ಎಂದು ಸದ್ದು ಹೊರಡಿಸಿ, ಮೀನಿಗೆ ಬಡಿದು ಬರುವ ಮಾರ್ದನಿಯಲ್ಲೇ ಅದರ ಜಾಡು ಹಿಡಿಯುತ್ತದೆ. ಎಂಜಿನ್ನಿನ ಗದ್ದಲದಲ್ಲಿ ಆ ಮಾರ್ದನಿ ಮುಳುಗಿಹೋಗುತ್ತದೆ. ಈ ಬಳಗ ಸೀಲ್‌ಗಳನ್ನು ತಿನ್ನುವುದಿಲ್ಲ. ಅದಕ್ಕೆ ಬೇಕಾದದ್ದು ಮುಖ್ಯವಾಗಿ ಚಿನೂಕ್ ಸಾಲ್ಮನ್, ಆ ಮೀನೇ ಕಡಿಮೆಯಾಗಿದೆ. 2018ರಲ್ಲಿ ತಹಲೆಕ್ವಾ ಎಂಬ ತಾಯಿ, ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತ ಮರಿಯನ್ನು 17 ದಿನ ನೀರಿನ ಮೇಲೆ ತಳ್ಳಿಕೊಂಡು ತಿರುಗಿದಳು. ಅಂಥ ತಾಯಿಯ ಊಟದ ಹೊತ್ತಿನಲ್ಲಿ ಹತ್ತಿರ ಹೋಗಬೇಕೇ, ಹೇಳಿ.

ಹತ್ತಿರದ ಈ ಹಂಬಲದ ಚರಿತ್ರೆಯೇ ನೋವಿನದು. 1970ರ ಆಗಸ್ಟ್‌ನಲ್ಲಿ ಅದೇ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ ಬಲೆ ಬೀಸಿ, ಮರಿಗಳನ್ನು ತಾಯಂದಿರಿಂದ ಬೇರ್ಪಡಿಸಿ ಪ್ರದರ್ಶನಕ್ಕೆ ಮಾರಿದರು. ಅವುಗಳಲ್ಲೊಂದು ಟೋಕಿಟೇ, ಐವತ್ತಕ್ಕೂ ಹೆಚ್ಚು ವರ್ಷ ಮಯಾಮಿಯ ತೊಟ್ಟಿಯಲ್ಲಿ ಕಳೆದು 2023ರಲ್ಲಿ ಸತ್ತಿತು. ಗಾಜಿನಾಚೆ ಅದನ್ನು ಮೊಳ ದೂರದಿಂದ ನೋಡಿದವರಿಗೆ ಲೆಕ್ಕವಿಲ್ಲ. ಇವತ್ತು ಕಾಡು, ಕಡಲು, ಹಕ್ಕಿಯ ಗೂಡು ಎಲ್ಲವೂ ಮೊಬೈಲಿನ ಪರದೆ ತುಂಬುವಷ್ಟು ಸಮೀಪ ಬರಬೇಕು ನಮಗೆ. ಬಾರದಿದ್ದರೆ ಮೋಸಹೋದೆವು ಅನ್ನಿಸುತ್ತದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಇನ್ನೊಮ್ಮೆ ಹೋದಾಗ ಮಗಳನ್ನು ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ದೀಪಸ್ತಂಭದ ಬಂಡೆಗಳಿಗೆ ಕರೆದೊಯ್ಯಿರಿ. ಅಲ್ಲಿ ದಡದಂಚಿನಲ್ಲೇ ನೀರು ಆಳ, ಹಾಗಾಗಿ ಓರ್ಕಾಗಳು ತಾವಾಗಿ ಬಂಡೆಯ ಪಕ್ಕದಲ್ಲೇ ಹಾದುಹೋಗುವುದುಂಟು. ನಾನು ಅಲ್ಲಿ ಮೂರು ತಾಸು ಕೂತಿದ್ದೆ. ಮೊದಲು ಕೇಳಿದ್ದು ಉಸಿರು: ಫುಸ್ಸೆಂದು ಒಂದು, ಅದರ ಹಿಂದೆ ಚಿಕ್ಕದಾಗಿ ಇನ್ನೊಂದು. ಆಮೇಲೆ ತಾಯಿಯ ಬೆನ್ನರೆಕ್ಕೆ ಕಂಡಿತು, ಪಕ್ಕಕ್ಕಂಟಿಕೊಂಡು ಮರಿ.