ದೌ ಎಂದರೆ ನೀನು, ನೀವಲ್ಲ

ಓದುಗರ ಪತ್ರ: ‘ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾವು ನಾಲ್ವರು ಗೆಳತಿಯರು ಕೆಲವು ತಿಂಗಳಿಂದ ಮೊಬೈಲ್‌ನಲ್ಲಿ ಹಳೆಯ ಕಾಲದ ಇಂಗ್ಲಿಷಿನಲ್ಲೇ ಹರಟೆ ಹೊಡೆಯುವ ಆಟ ಆಡುತ್ತಿದ್ದೇವೆ. ನಮ್ಮ ಗುಂಪಿಗೆ “ಯೀ ಓಲ್ಡ್ ಫ್ರೆಂಡ್ಸ್” ಎಂದು ಹೆಸರು. ಮೊನ್ನೆ ರಾತ್ರಿ ಒಬ್ಬಳು “ಐ ಗೋಯೆತ್ ಟು ಸ್ಲೀಪ್. ಹ್ಯಾತ್ ದೌ ಈಟನ್?” ಎಂದು ಬರೆದಳು. ಎರಡನೆಯವಳು “ಐ ಗೋಯೆತ್” ತಪ್ಪು ಎಂದಳು. ಹಳೆಯ ಇಂಗ್ಲಿಷಿಗೆ ವ್ಯಾಕರಣ ಎಲ್ಲಿತ್ತು, ಕೊನೆಗೊಂದು “ಎತ್” ಅಂಟಿಸಿದರಾಯಿತು ಎಂದು ಮೊದಲನೆಯವಳ ವಾದ. “ದೌ” ದೇವರಿಗೆ ಸಲ್ಲುವ ಗೌರವದ ಮಾತು, ನಮ್ಮಂಥವರಿಗಲ್ಲ ಎಂದು ಮೂರನೆಯವಳ ತಗಾದೆ. ನಾನು “ಮೀಥಿಂಕ್ಸ್” ಎಂದು ಶುರು ಮಾಡಿದ್ದಕ್ಕೆ, “ಮೀ” ಎಲ್ಲಾದರೂ ಕರ್ತೃವಾಗುತ್ತದೆಯೇ ಎಂದು ಮೂವರೂ ನಕ್ಕರು. ಸೋತವರು ಗೆದ್ದವರನ್ನು ಒಂದು ತಿಂಗಳು “ನೀವು” ಎಂದೇ ಮಾತನಾಡಿಸಬೇಕೆಂದು ಪಂದ್ಯ. ತೀರ್ಪು ನಿಮ್ಮದು.’

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದ ಮಧ್ಯಾಹ್ನ ನಮ್ಮ ಕಚೇರಿಯಲ್ಲೂ ಇದೇ ಜಗಳ ಹೊತ್ತಿಕೊಂಡಿತು. ಕರಡು ತಿದ್ದುವವರು ಒಂದು ಕಡೆ, ಪುಟ ಕಟ್ಟುವವರು ಇನ್ನೊಂದು ಕಡೆ. ಒಂದು ಪದದ ಬಾಲಕ್ಕಾಗಿ ಸ್ನೇಹಿತರು ಇಷ್ಟು ಹಟದಿಂದ ಕಾದಾಡುವುದನ್ನು ಕಂಡರೆ ನನಗೆ ನಿಜಕ್ಕೂ ಸಂತೋಷ. ಆದರೆ ‘ವ್ಯಾಕರಣ ಎಲ್ಲಿತ್ತು’ ಎಂಬ ಮಾತನ್ನು ಮಾತ್ರ ಸುಮ್ಮನೆ ಬಿಡಲಾರೆ. ಈಗಿನ ಇಂಗ್ಲಿಷಿನ ಕ್ರಿಯಾಪದಕ್ಕಿಂತ ಆಗಿನದಕ್ಕೆ ಕಟ್ಟುಪಾಡು ಹೆಚ್ಚೇ ಇತ್ತು.

‘ನಾನು’ ಎಂಬುದಕ್ಕೆ ‘ಐ ಗೋ’. ‘ನೀನು’ ಎಂಬುದಕ್ಕೆ ‘ದೌ ಗೋಯೆಸ್ಟ್’. ‘ಅವನು’, ‘ಅವಳು’, ‘ಅದು’ ಬಂದಾಗ ಮಾತ್ರ ‘ಗೋಯೆತ್’. ಹಾಗಾಗಿ ‘ಐ ಗೋಯೆತ್’ ಎಂದರೆ ‘ನಾನು ಹೋಗುತ್ತಾಳೆ’ ಎಂದ ಹಾಗೆ. ‘ಹ್ಯಾತ್ ದೌ’ ಕೂಡ ಅದೇ ಜಾತಿಯ ತಪ್ಪು. ‘ಹ್ಯಾತ್’ ಅವನಿಗೋ ಅವಳಿಗೋ ಸೇರಿದ್ದು. ‘ದೌ’ ಕೇಳುವುದು ‘ಹ್ಯಾಸ್ಟ್’ ಅನ್ನು. ನಮ್ಮ ಕ್ರಿಯಾಪದ ಇಂದಿಗೂ ನಾನು, ನೀನು, ಅವಳು ಎಂದು ಬಾಲ ಬದಲಿಸುತ್ತಲೇ ಇದೆ. ಕನ್ನಡ ಕಿವಿಯಿಂದ ಕೇಳಿದರೆ ಈ ತಪ್ಪು ತಟ್ಟನೆ ಸಿಕ್ಕಿಬೀಳುತ್ತದೆ.

ಈ ‘ಎತ್’ ಇಂಗ್ಲೆಂಡಿನ ದಕ್ಷಿಣದ ರೂಢಿ. ಈಗ ಎಲ್ಲರೂ ಬಳಸುವ ‘ಗೋಸ್’, ‘ಗಿವ್ಸ್’ಗಳ ‘ಸ್’ ಉತ್ತರದಿಂದ ಇಳಿದು ಬಂದದ್ದು. ಷೇಕ್ಸ್‌ಪಿಯರನ ಕಾಲಕ್ಕೆ ಎರಡೂ ಒಂದೇ ಬಾಯಲ್ಲಿ ಓಡಾಡುತ್ತಿದ್ದವು. ವೆನಿಸ್ಸಿನ ವ್ಯಾಪಾರಿಯ ನಾಟಕದಲ್ಲಿ ಪೋರ್ಷಿಯಾ ಕರುಣೆಯನ್ನು ಕುರಿತು ಆಡುವ ಮಾತನ್ನು ತೆಗೆದು ನೋಡಿ. ಕೊಡುವವನನ್ನೂ ಪಡೆಯುವವನನ್ನೂ ಅದು ಹರಸುತ್ತದೆ ಎನ್ನುವ ಒಂದೇ ಸಾಲಿನಲ್ಲಿ ಹರಸುವುದಕ್ಕೆ ‘ಬ್ಲೆಸೆತ್’, ಕೊಡುವುದಕ್ಕೆ ‘ಗಿವ್ಸ್’, ಪಡೆಯುವುದಕ್ಕೆ ‘ಟೇಕ್ಸ್’ ಇದೆ. ಛಂದಸ್ಸಿಗೆ ಇನ್ನೊಂದು ಉಚ್ಚಾರಾಂಶ ಬೇಕಾದಲ್ಲಿ ‘ಎತ್’, ಬೇಡವಾದಲ್ಲಿ ‘ಸ್’. ಅದೇ 1611ರಲ್ಲಿ ಅಚ್ಚಾದ ಜೇಮ್ಸ್ ದೊರೆಯ ಬೈಬಲ್ಲಿನಲ್ಲಿ ‘ಎತ್’ನದೇ ದರ್ಬಾರು. ಮಾತಿಗೂ ಬರಹಕ್ಕೂ ಆಗ ಎಷ್ಟು ಅಂತರವಿತ್ತು ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 1643ರಲ್ಲಿ ಕಾಗುಣಿತದ ಪುಸ್ತಕ ಬರೆದ ರಿಚರ್ಡ್ ಹಾಜಸ್, ಜನ ‘ಎತ್’ ಎಂದು ಬರೆದರೂ ಬಾಯಲ್ಲಿ ‘ಸ್’ ಎಂದೇ ಆಡುತ್ತಾರೆ ಎಂದು ಹೇಳಿದ್ದಾನೆ. ನಿಮ್ಮ ಗುಂಪಿನಲ್ಲಿ ಧ್ವನಿ ಸಂದೇಶ ಕಳುಹಿಸುವವರಿದ್ದರೆ ಇದು ಉಪಯೋಗಕ್ಕೆ ಬಂದೀತು.

ಎಲ್ಲದಕ್ಕೂ ‘ಎತ್’ ಅಂಟಿಸುವ ಚಪಲ ನಮಗೂ ಹೊಸದಲ್ಲ. ಹಳಗನ್ನಡದ ಧಾಟಿಯಲ್ಲಿ ಬರೆಯಹೊರಟವರು ಸಿಕ್ಕಸಿಕ್ಕ ಹಕಾರವನ್ನೆಲ್ಲ ಪಕಾರ ಮಾಡಿಬಿಡುತ್ತಾರೆ. ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’ ಆಗಿತ್ತು, ಸರಿ. ಆದರೆ ಹೃದಯ ಎಂದೂ ‘ಪೃದಯ’ ಆಗಿರಲಿಲ್ಲ. ಅದು ಸಂಸ್ಕೃತದಿಂದ ಬಂದ ಪದ, ಹಕಾರದೊಂದಿಗೇ ಬಂದದ್ದು. ಹಳೆಯ ಭಾಷೆಯನ್ನು ಅಣಕಿಸಲಿಕ್ಕೂ ಅದರ ಒಳಗನ್ನು ಅರಿತಿರಬೇಕು. ಅರಿತು ಅಣಕಿಸಿದರೆ ಆಟದ ರುಚಿಯೇ ಬೇರೆ.

ಇನ್ನು ‘ದೌ’. ಈ ವಿಚಾರದಲ್ಲಿ ನಿಮ್ಮ ಮೂರನೆಯ ಗೆಳತಿ ಹಿಡಿದದ್ದು ಪೂರ್ತಿ ಉಲ್ಟಾ. ‘ದೌ’ ಏಕವಚನ, ನಮ್ಮ ‘ನೀನು’. ಕರ್ಮವಾದಾಗ ಅದು ‘ದೀ’, ‘ನಿನ್ನ’ ಎನ್ನಲು ‘ದೈ’, ಮುಂದಿನ ಪದ ಸ್ವರದಿಂದ ಶುರುವಾದರೆ ‘ದೈನ್’. ಬಹುವಚನಕ್ಕೆ ‘ಯೀ’, ಅದರ ಕರ್ಮರೂಪ ‘ಯೂ’. ಹದಿಮೂರನೆಯ ಶತಮಾನದ ಸುಮಾರಿಗೆ ಫ್ರೆಂಚ್ ಮರ್ಯಾದೆಯ ಪ್ರಭಾವದಿಂದ ದೊಡ್ಡವರನ್ನು, ಒಬ್ಬರೇ ಇದ್ದರೂ, ಬಹುವಚನದಲ್ಲಿ ಕರೆಯುವ ಪದ್ಧತಿ ಬೆಳೆಯಿತು. ಆಮೇಲೆ ‘ದೌ’ ಉಳಿದದ್ದು ಆಪ್ತರಿಗೆ, ಮಕ್ಕಳಿಗೆ, ಆಳುಕಾಳುಗಳಿಗೆ ಮತ್ತು ಬೈಗುಳಕ್ಕೆ.

ಬೈಗುಳಕ್ಕೆ ಎಂದೆನಲ್ಲ, ಅದನ್ನು ಹತ್ತಿರದಿಂದ ನೋಡಬೇಕೆಂದರೆ 1603ರ ನವೆಂಬರ್‌ನ ವಿಂಚೆಸ್ಟರ್‌ಗೆ ಹೋಗಬೇಕು. ಎಲಿಜಬೆತ್ ರಾಣಿಯ ಆಸ್ಥಾನಿಕನಾಗಿದ್ದ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ. ಸರ್ಕಾರದ ಪರ ವಕೀಲ ಎಡ್ವರ್ಡ್ ಕೋಕ್ ಸಿಟ್ಟಿನಿಂದ ರಾಲಿಯತ್ತ ತಿರುಗಿ, ‘ನಿನ್ನನ್ನು ದೌ ಎನ್ನುತ್ತೇನೆ, ದ್ರೋಹಿ’ ಎಂಬರ್ಥದ ಮಾತು ಆಡಿದ. ಸರ್ವನಾಮವನ್ನೇ ಕ್ರಿಯಾಪದವಾಗಿ ಮಾಡಿಕೊಂಡು ಎಸೆದ ಮಾತು ಅದು. ತುಂಬಿದ ಸಭೆಯಲ್ಲಿ ಮಾನವಂತನೊಬ್ಬನನ್ನು ಏಕವಚನದಲ್ಲಿ ಸಂಬೋಧಿಸಿದರೆ ಅದು ಎಲ್ಲಿ ಹೋಗಿ ಚುಚ್ಚುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಇಂಗ್ಲಿಷ್ ಓದುಗನಿಗೆ ಇದಕ್ಕೆ ಟಿಪ್ಪಣಿ ಬೇಕು, ನಮಗೆ ಬೇಡ.

ಅದೇ ಶತಮಾನದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಇನ್ನೊಂದು ದಾರಿ ಹಿಡಿದರು. ದೇವರ ಮುಂದೆ ಎಲ್ಲರೂ ಸಮಾನರು, ಒಬ್ಬ ಮನುಷ್ಯನಿಗೆ ಬಹುವಚನವೇಕೆ ಎಂದು ನ್ಯಾಯಾಧೀಶರನ್ನೂ ಸಿರಿವಂತರನ್ನೂ ‘ದೌ’, ‘ದೀ’ ಎಂದೇ ಕರೆದರು. ಇದಕ್ಕಾಗಿ ಏಟನ್ನೂ ತಿಂದರು. ಅವರ ನಾಯಕ ಜಾರ್ಜ್ ಫಾಕ್ಸ್ ಜೊತೆಗಾರರೊಂದಿಗೆ ಸೇರಿ 1660ರಲ್ಲಿ ಏಕವಚನ, ಬಹುವಚನಗಳ ಪಾಠ ಹೇಳುವ ದೊಡ್ಡ ಪುಸ್ತಕವನ್ನೇ ಹೊರತಂದ. ಸರ್ವನಾಮಕ್ಕಾಗಿ ಪೆಟ್ಟು ತಿಂದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಹಾಗಾದರೆ ದೇವರಿಗೆ ‘ದೌ’ ಹೇಗೆ ಬಂತು? ಬೈಬಲ್ಲಿನ ಮೂಲ ಭಾಷೆಗಳಲ್ಲಿ ನೀನು, ನೀವು ಬೇರೆಬೇರೆ. 1526ರಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿಲಿಯಂ ಟಿಂಡೇಲ್ ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’ ಎಂದು ಅದನ್ನು ಹಾಗೆಯೇ ಉಳಿಸಿಕೊಂಡ. 1611ರವರೂ ಅದೇ ಹಾದಿಯಲ್ಲಿ ನಡೆದರು. ಅಲ್ಲಿ ದೇವರೂ ‘ದೌ’, ದೊರೆಯೂ ‘ದೌ’, ಸೈತಾನನೂ ‘ದೌ’. ಬೀದಿಯ ಮಾತಿನಿಂದ ಆ ಪದ ಮರೆಯಾಗಿ ಪ್ರಾರ್ಥನೆಯಲ್ಲಷ್ಟೇ ಉಳಿದ ಮೇಲೆ ಅದಕ್ಕೊಂದು ಗಾಂಭೀರ್ಯ ಅಂಟಿಕೊಂಡಿತು. ನಮ್ಮ ವಚನಕಾರರೂ ದಾಸರೂ ದೇವರನ್ನು ‘ನೀನು’ ಎಂದೇ ಕೂಗಿ ಕರೆದರಲ್ಲ, ಆ ಸಲಿಗೆಯನ್ನು ನೆನೆದರೆ ಸಾಕು. ಗೆಳತಿಯರ ನಡುವೆ ‘ದೌ’ಗಿಂತ ಸಹಜವಾದದ್ದು ಇನ್ನೊಂದಿಲ್ಲ.

ನಿಮ್ಮ ‘ಮೀಥಿಂಕ್ಸ್’ ಬಗ್ಗೆ ಬರೆಯಲು ನಾನು ಕಾಯುತ್ತಿದ್ದೆ. ಹಳೆಯ ಇಂಗ್ಲಿಷಿನಲ್ಲಿ ಒಂದನ್ನೊಂದು ಹೋಲುವ ಎರಡು ಕ್ರಿಯಾಪದಗಳಿದ್ದವು: ಒಂದಕ್ಕೆ ‘ಯೋಚಿಸು’ ಎಂದರ್ಥ, ಇನ್ನೊಂದಕ್ಕೆ ‘ತೋರು, ಅನ್ನಿಸು’ ಎಂದು. ಮುಂದೆ ಎರಡೂ ಬೆರೆತು ಒಂದಾದವು. ‘ಮೀಥಿಂಕ್ಸ್’ ಎರಡನೆಯದರ ಪಳೆಯುಳಿಕೆ. ಅಲ್ಲಿ ‘ಮೀ’ ಎಂದರೆ ‘ನಾನು’ ಅಲ್ಲ, ‘ನನಗೆ’. ಇಡೀ ಪದದ ಅರ್ಥ ‘ನನಗೆ ಅನ್ನಿಸುತ್ತದೆ’. ‘ಮೀಥಾಟ್’ ಎಂದರೆ ‘ನನಗೆ ಅನ್ನಿಸಿತು’. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಬೇಕು ಎಂದು ದಿನವಿಡೀ ಚತುರ್ಥಿಯಲ್ಲಿ ಬದುಕುವ ನಾವು ಈ ಪದವನ್ನು ಕಂಡು ನಕ್ಕರೆ ಹೇಗೆ? ಇಂಗ್ಲಿಷ್ ಕಳೆದುಕೊಂಡ ಈ ವಾಕ್ಯರಚನೆಯನ್ನು ಕನ್ನಡ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದೆ. ನಕ್ಕ ಮೂವರಿಗೂ ಇದನ್ನು ಓದಿ ಹೇಳಿ.

ಗುಂಪಿನ ಹೆಸರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ‘ಯೀ ಓಲ್ಡ್’ನಲ್ಲಿರುವುದು ‘ನೀವು’ ಎಂಬ ಯೀ ಅಲ್ಲ. ಹಿಂದೆ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಅಕ್ಷರವಿತ್ತು: ನೆಟ್ಟಗಿನ ಗೆರೆ, ಅದರ ನಡುವಿಗೊಂದು ಹೊಟ್ಟೆ. ‘ದ’ ಎಂಬ ಉಚ್ಚಾರಕ್ಕೆ ಅದೇ ಗುರುತು. ಕೈಬರಹದಲ್ಲಿ ಹೊಟ್ಟೆಯ ಮೇಲ್ಭಾಗ ಬಾಯಿ ಬಿಡುತ್ತಾ ಬಂದು ಅದು ವೈ ಅಕ್ಷರದಂತೆಯೇ ಕಾಣತೊಡಗಿತು. ಹೊರದೇಶದಿಂದ ತರಿಸಿದ ಅಚ್ಚಿನ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ, ಮುದ್ರಕರು ವೈ ಹಾಕಿದರು. ಓದುವಾಗ ‘ದಿ’ ಎಂದೇ ಓದಬೇಕಾದದ್ದು. ಬಳಕೆಯಿಂದ ಬಿದ್ದುಹೋದ ನಮ್ಮ ೞ, ಱ ಅಕ್ಷರಗಳ ಗತಿ ಬಲ್ಲವರಿಗೆ ಥಾರ್ನ್ ಮೇಲೆ ಕನಿಕರ ಹುಟ್ಟುತ್ತದೆ.

ಅಚ್ಚಿನ ಮಾತು ಬಂತು. ಇಂಗ್ಲೆಂಡಿಗೆ ಮುದ್ರಣ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರ ಒಂದು ಮುನ್ನುಡಿಯಲ್ಲಿ ಹೇಳಿದ ಕತೆ ನಿಮ್ಮ ಜಗಳದ ಅಜ್ಜಿ ಎನ್ನಬಹುದು. ಥೇಮ್ಸ್‌ನಲ್ಲಿ ಗಾಳಿಯಿಲ್ಲದೆ ಹಡಗು ನಿಂತಿತು. ವ್ಯಾಪಾರಿಯೊಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ ಮೊಟ್ಟೆ ಬೇಕೆಂದು ‘ಎಗ್ಸ್’ ಕೇಳಿದ. ಮನೆಯೊಡತಿ ‘ನನಗೆ ಫ್ರೆಂಚ್ ಬರುವುದಿಲ್ಲ’ ಎಂದಳು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ, ಸಿಟ್ಟು ಬಂತು. ಕೊನೆಗೆ ಇನ್ನೊಬ್ಬ ‘ಎಯ್ರೆನ್’ ಎಂದ ಮೇಲೆ ಅವಳಿಗೆ ತಿಳಿಯಿತು. ಒಂದು ಉತ್ತರದ ರೂಪ, ಇನ್ನೊಂದು ದಕ್ಷಿಣದ್ದು. ಈ ಎರಡರಲ್ಲಿ ಯಾವುದನ್ನು ಬರೆಯಬೇಕು ಎಂದು ಕ್ಯಾಕ್ಸ್‌ಟನ್ ಕೇಳುತ್ತಾನೆ. ಕರಡು ಮುಂದಿಟ್ಟುಕೊಂಡು ಕುಳಿತವರೆಲ್ಲರ ಪ್ರಶ್ನೆ ಅದು.

ತೀರ್ಪಿಗೆ ಬರೋಣ. ಎರಡನೆಯ ಗೆಳತಿಯೂ ನೀವೂ ಗೆದ್ದಿರಿ. ‘ಮೀಥಿಂಕ್ಸ್’ ಕಂಡು ನಕ್ಕದ್ದಕ್ಕೆ ಎರಡನೆಯವರು ನಿಮ್ಮಲ್ಲಿ ಕ್ಷಮೆ ಕೇಳಿದರೆ ಸಾಕು. ಮೊದಲನೆಯವರೂ ಮೂರನೆಯವರೂ ಒಂದು ತಿಂಗಳು ನಿಮ್ಮಿಬ್ಬರನ್ನು ‘ನೀವು’ ಎನ್ನಲಿ. ಆ ರಾತ್ರಿಯ ಸಂದೇಶವನ್ನೂ ತಿದ್ದಿಕೊಡುತ್ತೇನೆ. ಅದು ಹೋದದ್ದು ಒಬ್ಬರಿಗಲ್ಲ, ಮೂವರಿಗೆ. ಆದ್ದರಿಂದ ಅಲ್ಲಿ ‘ದೌ’ಗೇ ಜಾಗವಿಲ್ಲ, ‘ಯೀ’ ಬರಬೇಕು: ‘ಐ ಗೋ ಟು ಸ್ಲೀಪ್. ಹ್ಯಾವ್ ಯೀ ಈಟನ್?’ ನಿಮಗೊಬ್ಬರಿಗೇ ಬರೆದಿದ್ದರೆ ‘ಹ್ಯಾಸ್ಟ್ ದೌ ಈಟನ್?’