ಮನೆಯಲ್ಲಿ ಹಾರರ್, ಡಾಕ್ಯುಮೆಂಟರಿ, ಸೈಫೈ ನೋಡೋದಾದರೆ ಮೊದಲು ಸದ್ದು ಸರಿ ಮಾಡಿಕೊಳ್ಳಿ

ನಿಮ್ಮ ಪ್ರಶ್ನೆ ಹೀಗಿತ್ತು: "ದಾವಣಗೆರೆಯಲ್ಲಿದ್ದೇವೆ. ಹಬ್ಬಕ್ಕೆ 55 ಇಂಚಿನ ಟಿವಿ ತಂದೆವು. ಹಾರರ್ ಸಿನಿಮಾ, ಡಾಕ್ಯುಮೆಂಟರಿ, ಸೈಫೈ ಸರಣಿ ಇವನ್ನೆಲ್ಲ ಮನೆಯಲ್ಲಿ ನೋಡಿದರೆ ಥಿಯೇಟರ್‌ನಷ್ಟು ಹಿಡಿಸುತ್ತಾ? ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳಿದ್ದಾರೆ. ಏನು ನೋಡಬಹುದು, ಹೇಗೆ ನೋಡಬಹುದು?"

ಹಿಡಿಸುತ್ತೆ. ಆದರೆ ಟಿವಿ ಎಷ್ಟು ಇಂಚು ಅನ್ನೋದರಿಂದಲ್ಲ. ನಾನು ಪಕ್ಕದ ಚಿತ್ರದುರ್ಗದವನು. ಈ ಮೂರೂ ಬಗೆಯನ್ನು ವರ್ಷಗಟ್ಟಲೆ ಮನೆಯಲ್ಲೇ ನೋಡಿಕೊಂಡು ಬಂದಿದ್ದೇನೆ. ಮನೆಯಲ್ಲಿ ನೋಡುವ ಸಿನಿಮಾ ಗೆಲ್ಲೋದು, ಸೋಲೋದು ಎರಡೂ ಕಿವಿಯಲ್ಲೇ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಕಣ್ಣು ಹೊಂದಿಕೊಳ್ಳುತ್ತೆ. ಮಾತು ಸರಿಯಾಗಿ ಕೇಳದಿದ್ದರೆ ಹತ್ತೇ ನಿಮಿಷಕ್ಕೆ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತೆ.

ಹಾರರ್‌ನಿಂದಲೇ ಶುರು ಮಾಡ್ತೀನಿ. ಅಲ್ಲಿ ಈ ಮಾತು ಎಲ್ಲಕ್ಕಿಂತ ಜಾಸ್ತಿ ನಿಜ.

1960ರ 'ಸೈಕೋ' ಸಿನಿಮಾದ ಬಚ್ಚಲುಮನೆ ಕೊಲೆಯ ಬಗ್ಗೆ ಕೇಳಿರುತ್ತೀರಿ. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಆ ಕಿರುಚಾಟದಂಥ ಸಂಗೀತ ಮಾಡಿ ಕೇಳಿಸಿದರು. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಚಾಕು ಇರಿಯುವ ಸದ್ದು ಬಂದಿದ್ದು ಕರಬೂಜದ ಜಾತಿಯ ಒಂದು ಹಣ್ಣಿಗೆ ಚುಚ್ಚಿ. ಒಮ್ಮೆ ಮ್ಯೂಟ್ ಮಾಡಿ ಆ ದೃಶ್ಯ ನೋಡಿ. ತುಂಡು ತುಂಡು ಶಾಟ್‌ಗಳು ಓಡುತ್ತವೆ, ಅಷ್ಟೇ. ದನಿ ಹಾಕಿ ನೋಡಿದರೆ ಇಷ್ಟು ವರ್ಷ ಕಳೆದರೂ ಮೈ ಜುಮ್ಮೆನ್ನುತ್ತೆ.

ನಮ್ಮದೇ ಉದಾಹರಣೆ ಬೇಕಾ? 2004ರ 'ಆಪ್ತಮಿತ್ರ' ತಗೊಳ್ಳಿ. 1993ರ ಮಲಯಾಳಂ ಸಿನಿಮಾದಿಂದ ಬಂದ ಕಥೆ. ನಾಗವಲ್ಲಿ ಯಾರು, ಏನು ಅಂತ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ರಾತ್ರಿ ಹೊತ್ತು ಗೆಜ್ಜೆ ಸದ್ದು ಕೇಳಿದರೆ ಮನೆಯಲ್ಲಿ ಮಾತು ನಿಲ್ಲುತ್ತೆ. ಕಥೆ ಗೊತ್ತಿದ್ದವರನ್ನೂ ಹೆದರಿಸೋ ಶಕ್ತಿ ಸದ್ದಿಗಿದೆ.

ಈಗ ನಮ್ಮ ಕಡೆಯ ತೊಂದರೆಗೆ ಬರೋಣ. ಮಾರ್ಚ್‌ನಿಂದ ಮೇ ತನಕ ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ ಫ್ಯಾನ್ ಹಾಕದೆ ಕೂರೋಕೆ ಆಗಲ್ಲ. ಫ್ಯಾನ್ ಜೋರಾಗಿ ತಿರುಗುವಾಗ ಒಂದೇ ಸಮನೆ ಗುಂಯ್‌ಗುಡುತ್ತೆ. ಹಾರರ್ ಸಿನಿಮಾದವರು ಕಷ್ಟಪಟ್ಟು ಇಟ್ಟಿರುವ ಸಣ್ಣ ಸದ್ದುಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಬಾಗಿಲ ಕಿರ್ ಸದ್ದು, ಆಚೆ ಕೋಣೆಯಲ್ಲಿ ಯಾರೋ ಉಸಿರಾಡಿದ ಹಾಗೆ ಕೇಳೋದು, ಇವು ಹೋದ ಮೇಲೆ ಉಳಿಯೋದು ಬರೀ ಢಮ್ ಅನ್ನೋ ಸದ್ದು. ಅದು ಬೆಚ್ಚಿಬೀಳಿಸುತ್ತೆ, ಹೆದರಿಸಲ್ಲ. ಹಾಗಾಗಿ ಒಳ್ಳೆಯ ಹಾರರ್ ಸಿನಿಮಾಗಳನ್ನು ನಾನು ದೀಪಾವಳಿ ಕಳೆದ ಮೇಲಿನ ಚಳಿಗೆ ಅಂತಲೇ ಎತ್ತಿಡುತ್ತೇನೆ. ಫ್ಯಾನ್ ಆಫ್, ಕಿಟಕಿ ಬಂದ್, ಊಟದ ಪಾತ್ರೆ ತೊಳೆದು ಮುಗಿದಿರಬೇಕು. ಎಲ್ಲಾ ಸೇರಿ ಕಾಲು ಗಂಟೆಯ ತಯಾರಿ.

ಎರಡನೆಯದು ನೆಲ. ನಮ್ಮ ಮನೆಗಳಲ್ಲಿ ನೆಲಕ್ಕೆ ಟೈಲ್ಸ್ ಇಲ್ಲಾ ಗ್ರಾನೈಟ್, ಗೋಡೆ ಬೋಳು. ಹಾಲ್ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಟಣ್ ಅಂತ ತಿರುಗಿ ಬಂದರೆ ಸಿನಿಮಾದ ಮಾತೂ ಹಾಗೇ ಗೋಡೆಗೆ ಬಡಿದು ಕಲಸಿಹೋಗುತ್ತಿದೆ ಅಂತ ಅರ್ಥ. ದಪ್ಪ ಪರದೆ ಇಳಿಬಿಡಿ, ನೆಲಕ್ಕೆ ಜಮಖಾನ ಹಾಸಿ. ನಮ್ಮ ಮನೆಯಲ್ಲಿ ಸೋಫಾದ ಹಿಂದಿನ ಗೋಡೆಗೆ ಚಳ್ಳಕೆರೆ ಕಂಬಳಿ ನೇತುಹಾಕಿದ್ದೇವೆ. ಕುರಿ ಉಣ್ಣೆಯ ಒರಟು ಕಂಬಳಿ. ಹೊಸದರಲ್ಲಿ ವಾಸನೆ ಇತ್ತು, ಬಿಸಿಲಿಗೆ ಹಾಕಿ ತೆಗೆದ ಮೇಲೆ ಹೋಯಿತು. ಅದನ್ನು ಕಟ್ಟಿದ ದಿನವೇ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ದುಬಾರಿ ಸಾಮಾನಿಗಿಂತ ಮೊದಲು ಇದನ್ನು ಮಾಡಿ.

ಸೌಂಡ್‌ಬಾರ್, ಅಂದರೆ ಟಿವಿ ಮುಂದೆ ಇಡುವ ಉದ್ದನೆಯ ಸ್ಪೀಕರ್, ಆಮೇಲೆ. ಬೇಕೇ ಬೇಕು ಅಂತ ಖಂಡಿತ ಹೇಳ್ತೀನಿ. ಟಿವಿ ತೆಳ್ಳಗಾದಂತೆಲ್ಲ ಸ್ಪೀಕರ್‌ಗೆ ಜಾಗ ಇಲ್ಲದಂತಾಗಿದೆ. ಇರೋ ಪುಟ್ಟ ಸ್ಪೀಕರ್‌ಗಳು ಎಷ್ಟೋ ಟಿವಿಗಳಲ್ಲಿ ನಮ್ಮ ಕಡೆ ಮುಖ ಮಾಡದೆ ಕೆಳಕ್ಕೋ ಹಿಂದಿನ ಗೋಡೆಗೋ ತಿರುಗಿರುತ್ತವೆ. ದೊಡ್ಡ ಸೆಟ್ ಬೇಡ, ಚಿಕ್ಕದೊಂದು ಸಾಕು. ಟಿವಿ ಹಿಂದೆ ಎಚ್‌ಡಿಎಂಐ ತೂತುಗಳಲ್ಲಿ ಒಂದರ ಮೇಲೆ ಎಆರ್‌ಸಿ (ARC) ಅಂತ ಬರೆದಿರುತ್ತೆ, ಟಿವಿಯ ಸದ್ದು ಸೌಂಡ್‌ಬಾರ್‌ಗೆ ಹೋಗೋದು ಅದರಿಂದಲೇ. ವೈರ್ ಅಲ್ಲಿಗೇ ಹಾಕಿ. ಬ್ಲೂಟೂತ್‌ನಲ್ಲಿ ಜೋಡಿಸಿದರೆ ತುಟಿ ಆಡಿದ ಮೇಲೆ ಮಾತು ಬರೋದುಂಟು.

ಸೌಂಡ್‌ಬಾರ್ ಬರೋ ತನಕ ಒಂದು ಉಪಾಯ ಇದೆ. ಮಾತು ಪಿಸುಪಿಸು, ಹೊಡೆದಾಟ ಬಂದರೆ ಓಣಿಗೆಲ್ಲ ಕೇಳುವಷ್ಟು ಜೋರು ಅನ್ನೋ ದೂರು ಎಲ್ಲರ ಮನೆಯಲ್ಲೂ ಇದೆ. ಥಿಯೇಟರ್‌ಗೆ ಅಂತ ಮಾಡುವ 5.1 ಸೌಂಡ್‌ನಲ್ಲಿ (ಐದು ಸ್ಪೀಕರ್, ಒಂದು ವೂಫರ್) ಮಾತಿಗೆ ನಡುವಿನ ಸ್ಪೀಕರ್ ಅಂತ ಬೇರೆಯೇ ಇರುತ್ತೆ. ನಮ್ಮ ಟಿವಿ ಎಲ್ಲವನ್ನೂ ಎರಡೇ ಸ್ಪೀಕರ್‌ಗೆ ತುರುಕುವಾಗ ಮಾತು ಕೆಳಗೆ ಬೀಳುತ್ತೆ. ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಮಾಮೂಲಿ ಸ್ಟೀರಿಯೊ ಇದ್ದರೆ ಅದನ್ನು ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಇದ್ದರೆ ಅದನ್ನೂ ಆನ್ ಮಾಡಿ. ನಿಮ್ಮ ಮಾವನವರಿಗೆ ಕಿವಿ ಸ್ವಲ್ಪ ಮಂದವಾಗಿದ್ದರೆ ಇದೇ ದೊಡ್ಡ ಉಪಕಾರ.

ಚಿತ್ರದ ಬಗ್ಗೆ ಎರಡೇ ಮಾತು. ಟಿವಿ ಕಣ್ಣು ಕುಕ್ಕುವ ವಿವಿಡ್ ಮೋಡ್‌ನಲ್ಲಿದ್ದರೆ ಅದನ್ನು ಸಿನಿಮಾ ಮೋಡ್‌ಗೆ ತನ್ನಿ. ಮೋಷನ್ ಅಂತ ಏನಾದರೂ ಇದ್ದರೆ ಆಫ್ ಮಾಡಿ. ಸಿನಿಮಾ ತೆಗೆಯೋದು ಸೆಕೆಂಡಿಗೆ 24 ಫ್ರೇಮ್‌ನಂತೆ. ಟಿವಿ ನಡುನಡುವೆ ತಾನೇ ಫ್ರೇಮ್ ಹುಟ್ಟಿಸಿ ಸೇರಿಸಿದರೆ ಎಂಥ ಸಿನಿಮಾನೂ ಧಾರಾವಾಹಿ ಥರ ಕಾಣುತ್ತೆ.

ಏನು ನೋಡಬೇಕು ಅಂದರೆ, ಮನೆಯೊಳಗೇ ನಡೆಯುವ ಹಾರರ್ ಕಥೆಗಳನ್ನು ಮನೆಯಲ್ಲೇ ನೋಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. 2022ರ ಮಲಯಾಳಂ 'ಭೂತಕಾಲಂ' ನೇರವಾಗಿ ಒಟಿಟಿಗೇ ಬಂದ ಸಿನಿಮಾ. ಒಬ್ಬ ತಾಯಿ, ಒಬ್ಬ ಮಗ, ಒಂದು ಸಾಧಾರಣ ಮನೆ. ರೇವತಿ ತಾಯಿಯ ಪಾತ್ರ ಮಾಡಿದ್ದಾರೆ. ಅಲ್ಲಿನ ಅಡುಗೆಮನೆ, ಮಲಗೋ ಕೋಣೆ ನಮ್ಮವುಗಳ ಥರವೇ ಇವೆ. ಥಿಯೇಟರ್‌ನಲ್ಲಾದರೆ ಎದ್ದು ಆಚೆ ಬಂದರೆ ಮುಗೀತು, ಮನೆಯಲ್ಲಿ ನೋಡಿದರೆ ನೀರು ಕುಡಿಯೋಕೆ ಅದೇ ಥರದ ಅಡುಗೆಮನೆಗೆ ಹೋಗಬೇಕಲ್ವಾ? ಅದೇ ನಿರ್ದೇಶಕ ರಾಹುಲ್ ಸದಾಶಿವನ್ 2024ರಲ್ಲಿ ಮಾಡಿದ 'ಭ್ರಮಯುಗಂ' ಪೂರ್ತಿ ಕಪ್ಪು ಬಿಳುಪು. ಅದನ್ನು ದೀಪ ಆರಿಸಿಯೇ ನೋಡಿ. 2018ರ 'ತುಂಬಾಡ್'ನಲ್ಲಿ ಸುರಿಯೋ ಮಳೆಯೇ ಒಂದು ಪಾತ್ರದಷ್ಟು ಮುಖ್ಯ. ಮಳೆಯ ಸದ್ದು ಚೆನ್ನಾಗಿ ಕೇಳಿದರೇನೇ ಆ ಸಿನಿಮಾ ನೋಡಿದ ಹಾಗೆ. ಈ ಮೂರೂ ದೊಡ್ಡವರಿಗೆ. ಮಕ್ಕಳಿಗೆ ಬೇಡ. 2021ರ ನಿಯಮದ ಪ್ರಕಾರ ಒಟಿಟಿಯವರು 7, 13, 16 ವರ್ಷ ಅಂತ ವಯಸ್ಸಿನ ಗುರುತು ಹಾಕಲೇಬೇಕು. 13 ಮತ್ತು ಅದಕ್ಕಿಂತ ಮೇಲಿನ ಗುರುತಿನವಕ್ಕೆ ಲಾಕ್ ಸೌಲಭ್ಯವೂ ಇರಬೇಕು. ಆ ಲಾಕ್ ಬಳಸಿ. ಅತ್ತೆ, ಮಾವ, ಮಕ್ಕಳು ಎಲ್ಲರೂ ಕೂರೋದಾದರೆ 1979ರ 'ನಾ ನಿನ್ನ ಬಿಡಲಾರೆ' ಹಾಕಿ. ಅನಂತನಾಗ್ ಮೈಮೇಲೆ ದೆವ್ವ ಬಂದಾಗಿನ ಆ ಕಣ್ಣು, ಆ ದನಿ ಅತ್ತೆಯವರಿಗೆ ಈಗಲೂ ನೆನಪಿರುತ್ತೆ.

ಡಾಕ್ಯುಮೆಂಟರಿಗೆ ಕತ್ತಲೂ ಬೇಡ, ಚಳಿಗಾಲವೂ ಬೇಡ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಹಾಕಬಹುದು. ಇಲ್ಲಿ ಕಿವಿಯ ಕೆಲಸ ಬೇರೆ ಥರದ್ದು. ಹೇಳುವ ದನಿ ಯಾವ ಭಾಷೆಯದು ಅನ್ನೋದೇ ಮುಖ್ಯ. 'ವೈಲ್ಡ್ ಕರ್ನಾಟಕ' ಅಂತ ಒಂದಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ್ದು. ಇಂಗ್ಲಿಷ್‌ನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ನಮ್ಮ ಅಮ್ಮ ಇಂಗ್ಲಿಷ್‌ನಲ್ಲಿ ಹಾಕಿದಾಗ ಸ್ವಲ್ಪ ಹೊತ್ತು ನೋಡಿ ಹೂ ಕಟ್ಟೋಕೆ ಎದ್ದು ಹೋದರು. ಕನ್ನಡದಲ್ಲಿ ಹಾಕಿದಾಗ ಕೊನೆ ತನಕ ಕೂತರು. ಕೂತಿದ್ದಷ್ಟೇ ಅಲ್ಲ, ನಡುವೆ "ತಡಿಯೋ, ನಿಲ್ಸು" ಅಂದು ಚಿಕ್ಕವರಿದ್ದಾಗ ಜಗಳೂರು ಕಡೆ ಕಂಡ ಕೊಂಡುಕುರಿಯ ಕಥೆ ತೆಗೆದರು. "ಮುಂದೆ ಎರಡು ಸಣ್ಣ ಕೊಂಬು, ಹಿಂದೆ ಎರಡು ಐತೆ, ನಿಮಗೆಲ್ಲಿ ಗೊತ್ತು" ಅಂತ ಎರಡು ಬೆರಳು ಹಣೆಗಿಟ್ಟು ತೋರಿಸಿದರು. ಅದುವರೆಗೆ ನಾನು ಈ ಕಥೆ ಕೇಳಿರಲಿಲ್ಲ. ಜಗಳೂರಿನ ರಂಗಯ್ಯನದುರ್ಗ ವನ್ಯಧಾಮ ಇರೋದೇ ಆ ಪ್ರಾಣಿಗಾಗಿ. ನಿಮ್ಮ ಜಿಲ್ಲೆಯದೇ, ಮಕ್ಕಳಿಗೆ ಹೇಳಿ.

ಅದಕ್ಕೇ ನಾನು ಡಾಕ್ಯುಮೆಂಟರಿಗೆ ಥಿಯೇಟರ್‌ಗಿಂತ ಮನೆಯೇ ಮೇಲು ಅನ್ನೋದು. ನಿಲ್ಲಿಸಬಹುದು, ಮಾತಾಡಬಹುದು, ಜಗಳ ಆಡಬಹುದು. 2022ರ 'ಗಂಧದ ಗುಡಿ' ಮಾತ್ರ ಇದಕ್ಕೆ ಹೊರತು. ಅಪ್ಪು ತೀರಿಹೋದ ಒಂದು ವರ್ಷಕ್ಕೆ ಬಂದ ಸಿನಿಮಾ ಅದು. ಅವರು ಯಾವ ವೇಷವೂ ಇಲ್ಲದೆ ಕಾಡಲ್ಲಿ ನಡೀತಾ ಮಾತಾಡೋದನ್ನು ಯಾರೂ ನಿಲ್ಲಿಸಿ ನೋಡಲ್ಲ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಿಕೊಡಿ. ಕಾಡುಪ್ರಾಣಿಗಳ ಡಾಕ್ಯುಮೆಂಟರಿಯಲ್ಲಿ ಕೇಳುವ ಹೆಜ್ಜೆ ಸದ್ದು, ಎಲೆ ಅಗಿಯುವ ಸದ್ದು ಬಹುಪಾಲು ಸ್ಟುಡಿಯೊದಲ್ಲಿ ಸೇರಿಸಿದ್ದು. ಕ್ಯಾಮೆರಾ ಎಲ್ಲೋ ದೂರದಿಂದ ದೊಡ್ಡ ಲೆನ್ಸ್‌ನಲ್ಲಿ ಹಿಡಿಯುತ್ತೆ, ಮೈಕ್‌ಗೆ ಅಷ್ಟು ದೂರದ ಸಣ್ಣ ಸದ್ದು ಸಿಗಲ್ಲ. ಇದು ಮೋಸ ಅಂತ ನನಗೆ ಅನ್ನಿಸಲ್ಲ. ಆದರೆ ಗೊತ್ತಿರಬೇಕು. ಕೊಲೆ ಕೇಸಿನ ಡಾಕ್ಯುಮೆಂಟರಿಗಳಲ್ಲಿ ಮಾತ್ರ ಈ ಸೇರಿಸಿದ ಸದ್ದು ನನಗೆ ಹಿಡಿಸಲ್ಲ. ಸತ್ತವರ ಮನೆಯವರು ಮಾತಾಡುವಾಗ ಹಿಂದಿನಿಂದ ಹಾರರ್ ಮ್ಯೂಸಿಕ್ ಯಾಕೆ ಬೇಕು? ಅಂಥವನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಬರೀ ದನಿಯಿಂದ ಎಷ್ಟು ಕಟ್ಟಬಹುದು ಅನ್ನೋದಕ್ಕೆ 2023ರ ಆಗಸ್ಟ್ 23ರ ಸಂಜೆ ನೆನಪಿಸಿಕೊಳ್ಳಿ. ಚಂದ್ರಯಾನ-3 ಇಳಿಯುವಾಗ ಟಿವಿಯಲ್ಲಿ ನಾವು ನೋಡಿದ್ದೇನು? ಒಂದು ಅನಿಮೇಷನ್, ಒಂದು ಗೆರೆ, ಇಳಿಯುತ್ತಾ ಹೋಗುವ ಅಂಕಿಗಳು. ಉಳಿದದ್ದೆಲ್ಲ ಕಂಟ್ರೋಲ್ ರೂಮಿನ ದನಿ. ಆ ದನಿಗೇ ಇಡೀ ದೇಶ ಉಸಿರು ಹಿಡಿದು ಕೂತಿತ್ತು.

ಚಂದ್ರಯಾನದ ಮಾತಿನಿಂದಲೇ ಸೈಫೈಗೆ ಬರೋಣ. ಸೈಫೈ ಅಂದರೆ ಎಲ್ಲೋ ಅಮೆರಿಕದ್ದು ಅಂತ ನಮ್ಮ ಕಡೆಯ ಮಕ್ಕಳು ಅಂದುಕೊಳ್ಳಬಾರದು. ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಮೇಲಿನ ಕುಳಿಗಳ ಹಾಗೆ ಗುಂಡಿ ತೋಡಿ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸಿದ್ದರು. 2023ರ ಏಪ್ರಿಲ್ 2ರ ಬೆಳಗ್ಗೆ ಅಲ್ಲೇ ಹತ್ತಿರದ ಡಿಆರ್‌ಡಿಒ ಟೆಸ್ಟ್ ರೇಂಜ್‌ನಲ್ಲಿ ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಬಿಟ್ಟ ಇಸ್ರೋದ ರೆಕ್ಕೆಯ ಬಾಹ್ಯಾಕಾಶ ವಾಹನ, ಪೈಲಟ್ ಇಲ್ಲದೆ ತಾನಾಗಿ ರನ್‌ವೇಗೆ ಇಳಿಯಿತು. ಇದನ್ನು ಹೇಳಿದ ಮೇಲೆ ಸೈಫೈ ಹಾಕಿದರೆ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

ಅವರು ಕೇಳಬಹುದಾದ ಮೊದಲ ಪ್ರಶ್ನೆ, ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಹಾಗಿದ್ದರೆ ಸ್ಫೋಟದ ಸದ್ದು ಎಲ್ಲಿಂದ ಬಂತು? ಸರಿಯಾದ ಪ್ರಶ್ನೆ. ನಿಜಕ್ಕೂ ಅಲ್ಲಿ ಸದ್ದು ಕೇಳಿಸಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ನೌಕೆಯಿಂದ ಆಚೆ ಬಂದವನ ಉಸಿರಾಟ ಬಿಟ್ಟರೆ ಬೇರೆ ಸದ್ದಿಲ್ಲದ ದೃಶ್ಯಗಳಿವೆ. ಮನೆಯಲ್ಲಿ ಆ ನಿಶ್ಶಬ್ದಕ್ಕೆ ಜಾಗ ಇರಬೇಕು, ಮತ್ತೆ ಫ್ಯಾನ್ ಆಫ್.

ಸರಣಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 'ದಿ ಎಕ್ಸ್‌ಪ್ಯಾನ್ಸ್', 6 ಸೀಸನ್. ಮೂರು ಸೀಸನ್ ಆದ ಮೇಲೆ ಚಾನೆಲ್‌ನವರು ನಿಲ್ಲಿಸಿದ್ದರು, ಅಮೆಜಾನ್ ಕೈಗೆತ್ತಿಕೊಂಡು ಮುಂದುವರಿಸಿತು. ಇದರಲ್ಲಿ ನೌಕೆಯ ಮಹಡಿಗಳು ಕಟ್ಟಡದ ಮಹಡಿಗಳ ಹಾಗೆ ಒಂದರ ಮೇಲೊಂದು ಇವೆ, ಎಂಜಿನ್ ತಳದಲ್ಲಿದೆ. ಎಂಜಿನ್ ಒತ್ತಿದಾಗ ಕಾಲಿಗೆ ನೆಲ ಸಿಗುತ್ತೆ, ನಿಂತಾಗ ತೇಲುತ್ತಾರೆ. ಅರ್ಧ ದಾರಿಯಲ್ಲಿ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ ಬ್ರೇಕ್ ಹಾಕುತ್ತಾರೆ. ವಿಜ್ಞಾನವನ್ನು ಇಷ್ಟು ಗೌರವದಿಂದ ನಡೆಸಿಕೊಂಡ ಸರಣಿ ಕಡಿಮೆ. ಬೈಗುಳ, ರಕ್ತ ಇದೆ, ಮಕ್ಕಳು ದೊಡ್ಡವರಾಗಲಿ. ಜರ್ಮನಿಯ 'ಡಾರ್ಕ್' 3 ಸೀಸನ್, 26 ಕಂತು. ದಯವಿಟ್ಟು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ನೋಡಬೇಡಿ. ಜರ್ಮನ್ ದನಿ, ಕೆಳಗೆ ಸಬ್‌ಟೈಟಲ್ ಇಟ್ಟುಕೊಳ್ಳಿ. ನಟರ ಭಯ ಅವರ ಸ್ವಂತ ದನಿಯಲ್ಲೇ ಇದೆ. ರಾತ್ರಿಗೆ ಒಂದೇ ಕಂತು, ಪಕ್ಕದಲ್ಲಿ ಒಂದು ನೋಟ್‌ಬುಕ್. ಯಾರು ಯಾರ ಮಗ ಅಂತ ಬರೆದುಕೊಳ್ಳದಿದ್ದರೆ ದಾರಿ ತಪ್ಪುತ್ತೆ. 'ಬ್ಲ್ಯಾಕ್ ಮಿರರ್' ಮೊದಲ ಕಂತನ್ನು ಮಾತ್ರ ಅತ್ತೆ ಮಾವನವರ ಮುಂದೆ ಹಾಕಬೇಡಿ.

ಮನೆಮಂದಿಯೆಲ್ಲ ಕೂರೋಕೆ ನನ್ನ ಆಯ್ಕೆ ಹಳೆಯ 'ಟ್ವೈಲೈಟ್ ಝೋನ್'. 1959ರಿಂದ 1964ರ ತನಕ ಬಂದ 156 ಕಂತು, ಬಹುತೇಕ ಅರ್ಧ ಗಂಟೆಯವು, ಒಂದೊಂದಕ್ಕೂ ಬೇರೆ ಕಥೆ. ಭಯವೂ ಇದೆ, ಸೈಫೈಯೂ ಇದೆ. ಮೊದಲ ಸೀಸನ್‌ನ ಶುರುವಿನ ಸಂಗೀತ ಆ 'ಸೈಕೋ'ದ ಹರ್ಮನ್ ಅವರದೇ. ಕನ್ನಡ ದನಿ ಇಲ್ಲ ಅನ್ನೋದೊಂದೇ ಕೊರತೆ. ನಾನು ನಡುನಡುವೆ ನಿಲ್ಲಿಸಿ ಅಮ್ಮನಿಗೆ ಕಥೆ ಹೇಳುತ್ತೇನೆ, ಕೊನೆಯ ತಿರುವನ್ನು ಮಾತ್ರ ಹೇಳದೆ ಅವರನ್ನೇ ಊಹಿಸೋಕೆ ಬಿಡುತ್ತೇನೆ.

ಮಕ್ಕಳ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ. ಅದನ್ನು ತಿಳಿಸಿ, ಜೊತೆಗೆ ಟಿವಿ ಹಿಂದೆ ಎಆರ್‌ಸಿ ತೂತು ಇದೆಯಾ ಅಂತಲೂ ನೋಡಿ ಹೇಳಿ. ಯಾವ ಕಂತಿನಿಂದ ಶುರು ಮಾಡಬೇಕು, ಎಂಥ ಸೌಂಡ್‌ಬಾರ್ ಸಾಕು ಅನ್ನೋದನ್ನು ಇಲ್ಲೇ ಬರೀತೀನಿ.